ಹರಿದ ರೇಷ್ಮೆಯ ಚೌಕಟ್ಟು

ವೈಪಿನ್ ದ್ವೀಪ, ಕೊಚ್ಚಿ
9-2-1962

ಅಕ್ಕಯ್ಯನಿಗೆ ತಮ್ಮನ ನಮಸ್ಕಾರ.

ಇಲ್ಲಿ ರೇಷ್ಮೆ ಉಡುವುದಕ್ಕಲ್ಲ. ಮರದ ಚೌಕಟ್ಟಿಗೆ ಬಿಗಿದು, ಅದರ ಮೇಲೆ ಬಣ್ಣ ಒತ್ತಿ, ಕೆಳಗಿನ ಕಾಗದಕ್ಕೆ ಚಿತ್ರ ಇಳಿಸುತ್ತಾರೆ. ನನಗೆ ಇದನ್ನು ಕಲಿಸಿದ ಕುರುವಿಳಾ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅಚ್ಚುಶಾಲೆ ಮುಚ್ಚುತ್ತಿದೆ. ಶಿಷ್ಯರೆಲ್ಲ ಒಂದೊಂದು ಚೌಕಟ್ಟು ತೆಗೆದುಕೊಳ್ಳಿ ಎಂದರು ಅವರ ಹೆಂಡತಿ. ಎಲ್ಲರೂ ಹೊಸದಕ್ಕೆ ಕೈ ಹಾಕಿದರು. ನಾನು ಮೇಷ್ಟ್ರು ಇಪ್ಪತ್ತು ವರ್ಷ ಹಿಡಿದ ಹಳೆಯದನ್ನು ಎತ್ತಿಕೊಂಡೆ.

“ಅದರ ರೇಷ್ಮೆ ಹರಿದಿದೆಯಲ್ಲಪ್ಪ” ಎಂದರು ಮೇಷ್ಟ್ರ ಹೆಂಡತಿ.

“ಹರಿದ್ರೆ ಹರೀಲಿ ಬಿಡಮ್ಮಾ. ನಮ್ದು ಶಿಡ್ಲಘಟ್ಟ, ಗೂಡಿಂದ ರೇಷ್ಮೆ ನೂಲು ಬಿಚ್ಚೋಕೆ ನಮ್ಮಕ್ಕಯ್ಯ ಅವ್ಳೆ” ಅಂದೆ.

ಮುದ್ದೆಯಿಲ್ಲದಿದ್ದರೂ ಮೈ ಗಟ್ಟಿಯಾಗಿದೆ. ನೀನು ಬಿಚ್ಚಿದ ನೂಲಿನಲ್ಲೇ ಎರಡು ಗಜ ತೆಳುವಾಗಿ ನೇಯಿಸಿಡು. ಟಪಾಲು ಒಯ್ಯುವ ದೋಣಿಯವನು ಈ ಕಾರ್ಡಿಗೆ ಕಾಯುತ್ತಿದ್ದಾನೆ. ನಾನು ಊರಿಗೆ ಬರುವಷ್ಟರಲ್ಲಿ ನಮ್ಮನೆ ಹಜಾರ ಖಾಲಿ ಮಾಡಿಸು. ಮೇಷ್ಟ್ರ ಅಚ್ಚುಶಾಲೆ ಇನ್ನು ಅಲ್ಲಿರುತ್ತದೆ.

ಚನ್ನಕೇಶವ