ಎದುರುಗಡೆಯ ಮೆಟ್ಟಿಲು

ಗುರುವಾರ, ೧೨ ಫೆಬ್ರುವರಿ ೨೦೨೬

ಪ್ರೀತಿಯ ಸೋನಾಲಿ,

ಕ್ಷೇಮ ಕೇಳಿ ಪತ್ರ ಶುರು ಮಾಡುವುದು ರೂಢಿ. ನಿನ್ನ ಕ್ಷೇಮ ಕೇಳುವ ಮುಖ ನನಗಿಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೋದ ವಾರ, ನಿನ್ನ ಜಾಮೀನಿಗೆ ವಾದಿಸಿದ ಖಂಡಪ್ಪ ವಕೀಲರು ಸಿಕ್ಕಿದ್ದರು. ನೀನು ಹೇಳಿ ಕಳಿಸಿದ ಮಾತು ಮುಟ್ಟಿಸಿದರು. "ಉಜ್ವಲಾ ಒಬ್ಬಾಕೀನರ ಖರೆ ಹೇಳಿದ್ಲು, ಅದನ್ನ ನಾ ಸಾಯೂತನ ಮರಿಯಂಗಿಲ್ಲ" ಅಂದೆಯಂತೆ. ಆ ಮಾತು ನನಗೆ ಸೇರಬೇಕಾದದ್ದಲ್ಲ. ಅದನ್ನು ನಿನಗೆ ಹಿಂದಿರುಗಿಸಲೆಂದೇ ಬರೆಯುತ್ತಿದ್ದೇನೆ.

ನಿನ್ನ ಹತ್ತಿರ ಫೋನಿಲ್ಲ, ಇಟ್ಟುಕೊಳ್ಳಬಾರದೆಂಬುದು ಜಾಮೀನಿನ ಷರತ್ತು ಎಂದು ಗೊತ್ತು. ಇದ್ದಿದ್ದರೂ ಇದನ್ನು ಫೋನಿನಲ್ಲಿ ಹೇಳುತ್ತಿರಲಿಲ್ಲ. ಅಕ್ಕಲಕೋಟದ ಶಾಲೆ ಬಿಟ್ಟ ಮೇಲೆ ನಾನು ಇಷ್ಟು ಉದ್ದ ಕನ್ನಡ ಬರೆದವಳಲ್ಲ. ಚಾದರದ ಅಂಗಡಿಯ ಬರಹವೆಲ್ಲ ಮರಾಠಿ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಶಾಲೆಯಲ್ಲೂ ನನ್ನ ಪ್ರಬಂಧ ತಿದ್ದುತ್ತಿದ್ದವಳು ನೀನೇ.

ಹೋದ ವರ್ಷ ಸೊಲ್ಲಾಪುರದಲ್ಲಿ ನಮ್ಮ ಪೇಟೆಯ ವ್ಯಾಪಾರಿಗಳ ಸಭೆ ನಡೆಯಿತು. ಉಗ್ರರ ಕಾಟ ತಡೆಯಲು ಅಂಗಡಿಗಳ ಕ್ಯಾಮರಾಗಳನ್ನು ಪೊಲೀಸರ ಕೋಣೆಗೆ ಜೋಡಿಸಬೇಕೆಂದು ಅಲ್ಲಿ ಹೇಳಿದರು. ಮೊದಲು ಕೈ ಎತ್ತಿದವರು ನಮ್ಮವರು. ಆದರೆ ಜೋಡಿಸಿಕೊಡುವ ದಿನ ಅವರು ಹೈದರಾಬಾದಿಗೆ ಹೋಗಿದ್ದರು, ಅಂಗಡಿಯಲ್ಲಿದ್ದವಳು ನಾನು. ಬಂದಿದ್ದ ಅಧಿಕಾರಿ, ಕ್ಯಾಮರಾದ ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ, ಎದುರುಗಡೆಯ ಮೆಟ್ಟಿಲೂ ಕಾಣಲಿ ಎಂದರು. ಎದುರುಗಡೆಯ ಮೆಟ್ಟಿಲೆಂದರೆ ನಿನ್ನ ವಕೀಲಿ ಕಚೇರಿಯ ಮೆಟ್ಟಿಲು. ಸ್ಟೂಲು ಹತ್ತಿ ತಿರುಗಿಸಿದ್ದೂ ನಾನೇ. ಯಾಕೆಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಸಾಹೇಬರು ನನ್ನನ್ನು ಮನೆಯ ಅತ್ತಿಗೆಯ ಹಾಗೆ ವಹಿನಿ ಎಂದು ಕರೆದದ್ದೇ ದೊಡ್ಡದಾಗಿತ್ತು.

ಮರುದಿನ ನೀನು ಕೆಳಗಿಳಿದು ಬಂದೆ. "ಉಜ್ಜಿ, ಅದರ ಮಾರಿ ನನ್ನ ಮೆಟ್ಟಲ ಕಡೆ ಯಾಕ ಮಾಡೀದಿ? ನನ್ನ ಕಡೆ ಬರೋ ಹೆಣ್ಣಮಕ್ಕಳು ಸೆರಗ ಮುಚಗೊಂಡ ಬರ್ತಾರ" ಅಂದೆ.

ನಾನು ನಕ್ಕು, "ತಪ್ಪ ಮಾಡದವರಿಗಿ ಯಾತರ ಅಂಜಿಕಿ?" ಅಂದೆ.

"ಡಾಕ್ಟರ ಕಡೆ ಹೋಗೋರು ತಪ್ಪ ಮಾಡಿ ಹೋಗತಾರೇನ? ಆದ್ರೂ ಬಾಗಲಾ ಮುಚಗೋತಾರಿಲ್ಲ?" ಎಂದು ಕೇಳಿದೆ ನೀನು. ನಾನು ನಿನಗೆ ಚಹಾ ತರಿಸಿದೆ. ಕ್ಯಾಮರಾ ಮಾತ್ರ ತಿರುಗಿಸಲಿಲ್ಲ.

ಆಮೇಲೆ ನಾನೇ ಸೆರಗು ಮುಚ್ಚಿಕೊಂಡು ನಿನ್ನ ಮೆಟ್ಟಿಲು ಹತ್ತಿದೆ. ನಮ್ಮವರು ಮಧ್ಯಾಹ್ನ ಊಟಕ್ಕೆ ಹೋದ ಹೊತ್ತಿನಲ್ಲಿ, ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೇ ಬಿಟ್ಟು ಬರುತ್ತಿದ್ದೆ. ಯಾಕೆ ಬಿಟ್ಟು ಬರುತ್ತೀ ಎಂದು ನೀನು ಮೊದಲ ಸಲ ಕೇಳಿದಾಗ ನನಗೆ ಅಳು ಬಂತು. ನನ್ನ ಫೋನಿನಲ್ಲಿ ಬರುವುದೆಲ್ಲ ನನ್ನ ಗಂಡ ನಿತಿನ ಅವರ ಕಂಪ್ಯೂಟರಿಗೂ ಬರುತ್ತದೆ ಎಂದು ಹೇಳಿದೆ. ಅವ್ವನ ಹತ್ತಿರ ಏನು ಮಾತಾಡಿದೆ, ಎಲ್ಲಿ ಎಷ್ಟು ಹೊತ್ತು ನಿಂತೆ, ಎಲ್ಲವೂ. ಅವರು ಕೈ ಎತ್ತಿದವರಲ್ಲ, ದನಿ ಏರಿಸಿದವರೂ ಅಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ, "ಅತ್ತಿ ಸ್ವಭಾವದ ಬಗ್ಗೆ ನಿಮ್ಮ ಅವ್ವಗ ಹೇಳೋದೇನ ಜರೂರ ಇತ್ತು?" ಎಂದು ಕೇಳುತ್ತಾರೆ, ಮತ್ತೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಾರೆ. ಇದನ್ನು ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆಂದುಕೊಂಡಿದ್ದೆ. ನೀನು ನಗಲಿಲ್ಲ. ಬೇರೆಯಾಗುವ ದಾರಿಯೂ ಇದೆ ಎಂದು ನೀನು ವಿವರಿಸಿದಾಗ ಹೆದರಿ ಇಳಿದು ಬಂದೆ. ಮತ್ತೆ ಹೋದೆ.

ಹೋಗಿ ಬಂದ ದಿನ ನಮ್ಮ ಅಂಗಡಿಯ ಕ್ಯಾಮರಾ ಪೆಟ್ಟಿಗೆಯಲ್ಲಿ ಉಳಿದ ಚಿತ್ರವನ್ನು ಅಳಿಸಿಬಿಡುತ್ತಿದ್ದೆ. ಪೊಲೀಸರ ಕೋಣೆಯಲ್ಲೂ ಅದು ಉಳಿಯುತ್ತದೆ ಎಂಬುದು, ನಾನೇ ಜೋಡಿಸಿದ್ದರೂ, ನನ್ನ ತಲೆಗೆ ಹೋಗಲಿಲ್ಲ.

ಅದೇ ಹೊತ್ತಿಗೆ ಅವಿನಾಶ ಮತ್ತು ಅವನ ಗೆಳೆಯರು ನಿನ್ನಲ್ಲಿಗೆ ಬರತೊಡಗಿದರು. ಪವರ್‌ಲೂಮಿನ ಹುಡುಗರು. ಹೊಸ ಭದ್ರತಾ ಕಾಯ್ದೆ ಬಂದರೆ ಸಂಘ ಕಟ್ಟುವವನನ್ನೂ ಉಗ್ರನೆಂದು ಒಳಗೆ ಹಾಕಬಹುದೆಂದು ಅವರು ಧರಣಿ ಕೂರುವವರಿದ್ದರು. ರಾತ್ರಿ ಹಾಸಿಕೊಳ್ಳಲು ಚಾದರ ಬೇಕೆಂದು ಅವಿನಾಶ ನಮ್ಮ ಅಂಗಡಿಗೇ ಬಂದ. ಆರಿಸಿ, ಮಡಚಿ, ಹಗ್ಗ ಬಿಗಿದು ಗಂಟು ಕಟ್ಟಿಕೊಟ್ಟವಳು ನಾನು. ಧರಣಿಯ ದಿನದವರೆಗೆ ಅವನ್ನು ನಿನ್ನ ಕಚೇರಿಯಲ್ಲಿ ಇಟ್ಟರು. ಅವರು ಆ ಗಂಟುಗಳನ್ನು ಹೊತ್ತು ಮೆಟ್ಟಿಲು ಹತ್ತುವುದನ್ನು ಅಂಗಡಿಯಲ್ಲಿ ನಿಂತು ನೋಡಿದ್ದೆ.

ಧರಣಿ ನಡೆಯಲೇ ಇಲ್ಲ. ನಿಷೇಧಿತ ಸಂಘಟನೆಯೊಂದಿಗೆ ಸಂಬಂಧವಿದೆಯೆಂದು ಅವಿನಾಶನನ್ನು ಹಿಡಿದರು. ಅವನ ವಕಾಲತ್ತು ಹಿಡಿದ ನಿನ್ನನ್ನೂ ಅವನ ಜೊತೆಗಾರ್ತಿ ಎಂದು ಹಿಡಿದರು. ನಿನ್ನ ಫೋನು, ಕಂಪ್ಯೂಟರು, ಕಕ್ಷಿದಾರರ ಕಾಗದಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಹೋದಾಗ ಇಡೀ ಪೇಟೆ ನಿಂತು ನೋಡಿತು. ನೀನು ಜೀಪು ಹತ್ತುವಾಗ ನಮ್ಮ ಅಂಗಡಿಯ ಕಡೆ ತಿರುಗಿದೆ. ನಾನು ಬಾಗಿ ಟವೆಲ್ ಮಡಚತೊಡಗಿದೆ.

ಕೆಲವು ದಿನಗಳ ಮೇಲೆ ಅದೇ ಅಧಿಕಾರಿ ಬಂದರು. ನಮ್ಮವರು ಇರಲಿಲ್ಲ. ಇಲ್ಲದ ಹೊತ್ತು ನೋಡಿಯೇ ಬಂದಿದ್ದರೆಂದು ಈಗ ಅನಿಸುತ್ತದೆ. ಮರಾಠಿಯಲ್ಲಿ ಬರೆದು ತಂದಿದ್ದ ಹೇಳಿಕೆ ಓದಿ ಹೇಳಿದರು. ಅಪರಿಚಿತ ಹುಡುಗರು ಸಂಶಯಾಸ್ಪದ ಗಂಟುಗಳನ್ನು ಹೊತ್ತು ವಕೀಲರ ಕಚೇರಿಗೆ ಹೋಗುವುದನ್ನು ನಾನು ಕಂಡೆನೆಂದೂ, ಸರಕಾರದ ವಿರುದ್ಧದ ಮಾತು ನನ್ನ ಕಿವಿಗೆ ಬಿತ್ತೆಂದೂ ಅದರಲ್ಲಿತ್ತು. ಅವು ಚಾದರ, ನಾನೇ ಮಾರಿದ್ದು ಎಂದೆ. ಖಂಡಿತ ಎಂದೆ, ಸೋನಾಲಿ. ಅಷ್ಟರಮಟ್ಟಿಗೆ ಎಂದೆ.

ಅವರು ಸಿಟ್ಟಾಗಲಿಲ್ಲ. ತಮ್ಮ ಫೋನು ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ ನಾನಿದ್ದೆ. ತಲೆತುಂಬ ಸೆರಗು, ಅತ್ತಿತ್ತ ನೋಡುತ್ತ ಮೆಟ್ಟಿಲು ಹತ್ತುತ್ತಿದ್ದೇನೆ. ಮತ್ತೊಂದು ದಿನ, ಬೇರೆ ಸೀರೆ. ಇನ್ನೂ ಒಂದು ದಿನ. ಕಳ್ಳಿಯ ಹಾಗೆ ಕಾಣುತ್ತಿದ್ದೆ. ನಿಮ್ಮ ಮನೆಯವರಿಗೆ ಇದು ಗೊತ್ತಿದೆಯೇ ವಹಿನಿ, ಗೊತ್ತಿರದಿದ್ದರೆ ನಾವೇಕೆ ಹೇಳಬೇಕು, ಇದು ಫೈಲಿನಲ್ಲಿ ಬರಬೇಕೆಂದೇನೂ ಇಲ್ಲ ಎಂದರು. ಬಹಳ ಮೃದುವಾಗಿ ಹೇಳಿದರು.

ನಾನು ಸಹಿ ಮಾಡಿದೆ.

ನಿನ್ನನ್ನು ಒಳಗಿಟ್ಟ ಕಾಗದಗಳಲ್ಲಿ ಅದೂ ಒಂದು. ಜಾಮೀನಿಗೆ ನೀನು ಮೊದಲ ಸಲ ಅರ್ಜಿ ಹಾಕಿದಾಗ ಅದನ್ನೇ ಓದಿ ವಿರೋಧಿಸಿದರೆಂದು ಪತ್ರಿಕೆಯಲ್ಲಿ ಬಂತು. 'ಎದುರಿನ ಅಂಗಡಿಯ ಸಾಕ್ಷಿ' ಎಂದಷ್ಟೇ ಇತ್ತು, ಹೆಸರಿರಲಿಲ್ಲ. ನಮ್ಮವರು ಓದಿ, "ಯಾವ ಅಂಗಡಿಯವರೋ ಏನೋ" ಅಂದರು. ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತೆ.

ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಆ ಮೆಟ್ಟಿಲು ಹತ್ತಿದವರನ್ನೆಲ್ಲ ಒಬ್ಬೊಬ್ಬರಾಗಿ ಠಾಣೆಗೆ ಕರೆದರು. ಬೀಡಿ ಕಟ್ಟುವ ಗಿರಿಜಾಬಾಯಿ ನಿನಗೆ ನೆನಪಿರಬೇಕು, ಮಗಳನ್ನು ಅಳಿಯ ಹೊಡೆಯುತ್ತಾನೆಂದು ಕದ್ದುಮುಚ್ಚಿ ಬರುತ್ತಿದ್ದವಳು. ಅವಳು ಯಾಕೆ ಬರುತ್ತಿದ್ದಳೆಂದು ವಿಚಾರಿಸಲು ಅಳಿಯನನ್ನೇ ಕರೆಸಿದರು. ಅವನು ಮನೆಗೆ ಹೋಗಿ ಹೆಂಡತಿಯ ಕೈ ಮುರಿದ. ಗಿರಿಜಾಬಾಯಿ ಒಂದು ಮಧ್ಯಾಹ್ನ ನಮ್ಮ ಅಂಗಡಿಯ ಮುಂದೆ ಬಂದು ನಿಂತಳು. ಗಿರಾಕಿಗಳೆಲ್ಲ ಹೋಗುವವರೆಗೆ ಕಾದಳು.

"ಬಾಯೀರಿ, ನಿಮ್ಮ ಕ್ಯಾಮರಾದಾಗ ನಾ ಅದೀನಂತ್ರಿ" ಅಂದಳು. "ಅದನ್ನ ಅಳಸಾಕ ಬರತೈತೇನ್ರಿ? ನಂದಷ್ಟ. ಉಳದೋರದ ನಿಮಗ ಬೇಕಾಗಿದ್ರ ಇರ್ಲಿ."

ಅದು ನನ್ನ ಕೈಯಲ್ಲಿಲ್ಲವೆಂದು ಹೇಳಿದೆ. ಅವಳು ನಂಬಲಿಲ್ಲ. ಕ್ಯಾಮರಾ ನಮ್ಮ ಗೋಡೆಯ ಮೇಲೆ ಕಣ್ಣೆದುರಿಗೇ ಇತ್ತಲ್ಲ. "ಹೂಂನ್ರಿ, ದೊಡ್ಡವರ ನೀವು" ಎಂದು ಹೊರಟಳು. ಆ ಹೊತ್ತಿಗೂ ನಾನು ಖಂಡಪ್ಪ ವಕೀಲರ ಹತ್ತಿರ ಹೋಗಲಿಲ್ಲ. ಇದನ್ನು ನೀನು ಗಮನವಿಟ್ಟು ಓದಬೇಕು. ನಿನ್ನನ್ನು ಒಳಗೆ ಹಾಕಿದಾಗ ಹೋಗಲಿಲ್ಲ, ಆ ಹುಡುಗಿಯ ಕೈ ಮುರಿದಾಗಲೂ ಹೋಗಲಿಲ್ಲ.

ಹೋದದ್ದು ಯಾವಾಗ ಎಂದರೆ, ನನ್ನ ಗುಟ್ಟು ಒಡೆದ ಮೇಲೆ. ಬೇರೇನೋ ವಿಚಾರಣೆಗೆಂದು ನಮ್ಮವರನ್ನು ಠಾಣೆಗೆ ಕರೆದಿದ್ದರು. ಮಾತಿನ ನಡುವೆ ಯಾರೋ ಒಬ್ಬ ಪೇದೆ, ನಿಮ್ಮ ಮನೆಯವರೂ ಆ ವಕೀಲರ ಗಿರಾಕಿಯೇ ಅಲ್ಲವೇ ಎಂದು ನಾನು ಮೆಟ್ಟಿಲು ಹತ್ತುವ ಚಿತ್ರ ತೋರಿಸಿಬಿಟ್ಟನಂತೆ. ಕೊಟ್ಟ ಮಾತು ಉಳಿಸಿಕೊಳ್ಳುವಷ್ಟು ಬೆಲೆಯೂ ನನ್ನ ಸಹಿಗೆ ಇರಲಿಲ್ಲ.

ಅವರು ಮನೆಗೆ ಬಂದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಅತ್ತೆಯವರೂ ಕೂತಿದ್ದರು. "ಅವ್ವಾ, ಉಜ್ವಲಾ ನನ್ನ ಬಿಡಾಕ ಹೊಂಟಾಳ. ವಕೀಲರನ್ನೂ ಗೊತ್ತ ಮಾಡ್ಯಾಳ" ಎಂದರು, ಅದೇ ಮೆಲುದನಿಯಲ್ಲಿ. ಅತ್ತೆ ರತ್ನಾಬಾಯಿಯವರು ಬಾಯಿ ಮಾಡಲಿಲ್ಲ. ತಾಟು ಸರಿಸಿ, "ಪೊಲೀಸರ ಮುಂದ ನಮ್ಮ ಮನಿ ಸೊಸಿ ಕುಣದಂಗಾತು" ಅಂದರು ಅಷ್ಟೇ. ನನ್ನ ಮದುವೆಯ ದುಃಖ ಯಾವ ಯಾವ ಕಾನ್‌ಸ್ಟೇಬಲ್ ನೋಡಿದ್ದಾನೋ ಎಂದು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಆದರೆ ಅವರೆಲ್ಲರಿಗೆ ಕಿಟಕಿ ತೆರೆದುಕೊಟ್ಟವಳು ನಾನೇ. ಗಿರಿಜಾಬಾಯಿಗೂ, ನಿನಗೂ, ನನಗೂ.

ಮರುದಿನ ಬೆಳಿಗ್ಗೆ ಖಂಡಪ್ಪ ವಕೀಲರ ಮನೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. "ಪೊಲೀಸರ ಮುಂದ ಹೇಳಿದ್ದಕ್ಕ ಸಹಿ ಮಾಡೋದ ಕಾಯ್ದೇದಾಗ ಇಲ್ಲ ತಂಗಿ. ಒಲ್ಲೆ ಅಂದಿದ್ರ ನಡೀತಿತ್ತು" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವರೇ ಪ್ರಮಾಣಪತ್ರ ಬರೆಸಿದರು. ಗಂಟಿನಲ್ಲಿದ್ದದ್ದು ಚಾದರ, ಮಾರಿದವಳು ನಾನು, ಯಾವ ಮಾತೂ ನನ್ನ ಕಿವಿಗೆ ಬಿದ್ದಿಲ್ಲ, ಹೆದರಿ ಸಹಿ ಹಾಕಿದೆ ಎಂದು. ಕೋರ್ಟಿನಲ್ಲಿ ಅದನ್ನು ಓದುವಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಜನ ತಿರುಗಿ ತಿರುಗಿ ನನ್ನನ್ನು ನೋಡಿದರು. ಧೈರ್ಯವಂತೆ ಎಂದು ಯಾರೋ ಅಂದದ್ದೂ ಕೇಳಿಸಿತು. ಆ ಕ್ಷಣದಲ್ಲಿ ಎದ್ದು ನಿಂತು ಅಲ್ಲ ಎನ್ನಬೇಕಿತ್ತು. ನನಗೆ ಆ ಮಾತು ಹಿತವಾಯಿತು, ಸೋನಾಲಿ. ನಾಚಿಕೆಗೆಟ್ಟು ಹಿತವಾಯಿತು.

ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ ಹೇಳಿದ ಸತ್ಯವದು. ಜಾಮೀನು ಸಿಕ್ಕಿದ್ದು ಅದರಿಂದಲೋ, ಖಂಡಪ್ಪನವರ ವಾದದಿಂದಲೋ ನನಗೆ ತಿಳಿಯದು. ಅವಿನಾಶನಿಗೆ ಇನ್ನೂ ಸಿಕ್ಕಿಲ್ಲ. ಅವನ ಗಂಟುಗಳಿಗೆ ಹಗ್ಗ ಬಿಗಿದ ಕೈ ನನ್ನದೇ.

ಒಂದು ಸೋಮವಾರ ಅಕ್ಕಲಕೋಟಕ್ಕೆ ಬಂದಿದ್ದೆ. ನೀನು ಜಾಮೀನಿನ ಹಾಜರಿ ಹಾಕಲು ನಾಗಣಸೂರಿನಿಂದ ಬರುತ್ತೀ ಎಂದು ತಿಳಿದಿತ್ತು. ಠಾಣೆಯಿಂದ ಹೊರಬಂದೆ ನೀನು, ನಿನ್ನ ಅಪ್ಪ ಕಲ್ಯಾಣಪ್ಪ ಕಾಕಾ ಕೊಡೆ ಹಿಡಿದಿದ್ದರು. ನಿನ್ನ ಕೂದಲು ಅಷ್ಟು ಬೇಗ ಬೆಳ್ಳಗಾದೀತೆಂದು ಎಣಿಸಿರಲಿಲ್ಲ. ಒಂದು ಫೋನು ರಿಂಗಾಯಿತು, ಯಾರದೋ ದಾರಿಹೋಕರದು, ನೀನು ಬೆಚ್ಚಿ ನಿಂತೆ. ನಾನು ಕಾಯಿ ಹೂವಿನ ಅಂಗಡಿಯ ಮರೆಯಲ್ಲಿ ನಿಂತು ನಿಮ್ಮ ಬಸ್ಸು ಹೋಗುವವರೆಗೂ ನೋಡಿದೆ. ಹಾಗೆ ಮರೆಯಲ್ಲಿ ನಿಂತು ನಿನ್ನನ್ನು ನೋಡಿದ್ದಕ್ಕೂ ಕ್ಷಮೆ ಇರಲಿ.

ಬೇರೆ ಯಾವುದಕ್ಕೂ ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ನನ್ನ ಬಗ್ಗೆ ನೀನು ಒಳ್ಳೆಯ ಮಾತು ಹೇಳುತ್ತ ತಿರುಗಬಾರದು, ಅಷ್ಟೇ ನನ್ನ ಬೇಡಿಕೆ. ಕಾಕಾ, ಕಾಕೂ ಇಬ್ಬರಿಗೂ ನನ್ನ ನಮಸ್ಕಾರ ತಿಳಿಸಬೇಡ. ಅವರಿಗೆ ಇದನ್ನು ಓದಿ ಹೇಳು.

ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ
ಉಜ್ವಲಾ

ತಾ.ಕ.: ಇದನ್ನು ಪತ್ರದೊಳಗೆ ಬರೆಯಬಾರದೆಂದಿದ್ದೆ, ನಿನ್ನ ಮನಸ್ಸು ಕರಗಿಸಲು ಬರೆದಂತಾಗುತ್ತದೆ ಎಂದು. ಆದರೆ ವಿಳಾಸ ತಿಳಿಸಬೇಕಲ್ಲ. ನಾನು ಈಗ ಸೊಲ್ಲಾಪುರದಲ್ಲಿಲ್ಲ, ಕಂದಲಗಾಂವದಲ್ಲಿ ಅಪ್ಪನ ಮನೆಯಲ್ಲಿದ್ದೇನೆ. ಮೊನ್ನೆ ಆ ಅಧಿಕಾರಿ ಇಲ್ಲಿಗೂ ಬಂದಿದ್ದರು. ಪ್ರಮಾಣಪತ್ರ ಹಿಂದಕ್ಕೆ ತೆಗೆದುಕೊಂಡರೆ ಸರಿ, ಇಲ್ಲದಿದ್ದರೆ ಸುಳ್ಳು ಸಾಕ್ಷಿಯೆಂದು ನನ್ನ ಮೇಲೆ ಕೇಸು, ಅವಿನಾಶನಿಗೆ ಚಾದರ ಕೊಟ್ಟದ್ದೂ ಸಹಾಯ ಮಾಡಿದಂತೆಯೇ ಎಂದರು. ಅಪ್ಪ ನನ್ನ ಮುಂದೆ ಕೈಮುಗಿದು, "ಸಹಿ ಮಾಡಿಬಿಡವಾ, ನನಗ ಈ ವಯಸ್ಸಿನಾಗ ತಾಳಾಂಗಿಲ್ಲ" ಎಂದು ಅತ್ತರು. ನಾನು ಒಲ್ಲೆ ಅಂದೆ. ಧ್ವನಿ ನಡುಗುತ್ತಿತ್ತು, ಅದನ್ನೂ ಬರೆದುಬಿಡುತ್ತೇನೆ. ಮುಂದೇನಾಗುವುದೋ ಗೊತ್ತಿಲ್ಲ. ಉತ್ತರ ಬರೆಯಲೇಬೇಕೆಂದಿಲ್ಲ. ಮತ್ತೆ, ಈ ಪತ್ರ ನಿನ್ನ ಕೈ ಸೇರುವಾಗ ಲಕೋಟೆ ತೆರೆದಿದ್ದರೆ, ನಾನು ಗೋಂದು ಹಚ್ಚಿ ಮುಚ್ಚಿಯೇ ಹಾಕಿದ್ದೆನೆಂದು ತಿಳಿ.