ಅಕ್ಕ ಇಟ್ಟ ದಾರಗಳು

ಆಸ್ಪತ್ರೆ ಹಿಂದಿನ ನಮ್ಮ ಕೋಣೆಯಿಂದ,
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅದಕ್ಕೇ ಮೊದಲು ಕೇಳಿಬಿಡುತ್ತೇನೆ, ನೀನು ಹುಷಾರಾಗಿದ್ದೀಯ ತಾನೆ? ಮಂಡಿಯ ಊತ ಇಳಿಯಿತೇ? ಆ ವೃದ್ಧಾಶ್ರಮದ ಕೆಲಸದಲ್ಲಿ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀಯೋ, ನೆನೆದರೆ ಇಲ್ಲಿ ನನ್ನ ಮಂಡಿ ಹಿಡಿದುಕೊಳ್ಳುತ್ತದೆ. ಕನಸಿನಲ್ಲಿ ನಾನು ಉದ್ದನೆಯ ಸಾಲಿನಲ್ಲಿ ನಿಂತಿದ್ದೆ. ಕಿಟಕಿಯ ಹಿಂದೆ ಯಾರೋ ಒಬ್ಬರು, ಮುಖ ಕಾಣಲಿಲ್ಲ, "ನಿನ್ನದೇನು?" ಎಂದು ಕೇಳಿದರು. ಅಷ್ಟೇ. ನಾನು ಯಾವಾಗಿನಂತೆ "ನಮ್ಮಕ್ಕ ಹೇಳ್ತಾಳೆ" ಎಂದು ಹಿಂದೆ ತಿರುಗಿದೆ. ಹಿಂದೆ ನೀನಿರಲಿಲ್ಲ. ಸಾಲೂ ಇರಲಿಲ್ಲ. ಎದ್ದು ನೀರು ಕುಡಿದೆ, ಬಾಗಿಲ ಚಿಲಕವನ್ನು ಎರಡು ಸಲ ಮುಟ್ಟಿ ನೋಡಿದೆ, ಸ್ಟವ್ ಆರಿದೆಯೇ ಎಂದು ಮೂರು ಸಲ. ನಿನಗೆ ನಗು ಬರಬಹುದು, ನಕ್ಕುಬಿಡು. ನಾನು ನಕ್ಕು ಹತ್ತು ದಿನವಾಯಿತು.

ನಿನ್ನ ಕಾಗದ ಮಂಗಳವಾರವೇ ಕೈ ಸೇರಿತು. ಉತ್ತರ ಬರೆಯಲು ಕೈ ಏಳಲಿಲ್ಲ. ಇಸ್ತ್ರಿಯಮ್ಮ ಈಗ ಹೇಗಿದ್ದಾರೆ ಎಂದು ಕೇಳಿದ್ದೀಯ. ಹೋಗಿಬಿಟ್ಟರು ಅಕ್ಕಾ. ಎರಡನೇ ತಾರೀಖು, ಗುರುವಾರ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ನಾನು ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುತ್ತ, ಅವರು ಇಸ್ತ್ರಿ ಹಾಕುತ್ತ, ಹನ್ನೊಂದು ವರ್ಷ ಒಂದೇ ಮೇಜಿನ ಎರಡು ತುದಿಯಲ್ಲಿ ಕಳೆದವರು. ಈಗ ಆ ತುದಿಯಲ್ಲಿ ಯಾರೋ ಹೊಸಬಳು ನಿಲ್ಲುತ್ತಾಳೆ. ಪಾಪ, ಅವಳ ತಪ್ಪೇನಿಲ್ಲ, ಆದರೂ ಅವಳು ಇಸ್ತ್ರಿ ಪೆಟ್ಟಿಗೆ ಕುಕ್ಕುವ ಸದ್ದಿಗೆ ಸೂಜಿ ಬಿಟ್ಟು ತಲೆಯೆತ್ತುತ್ತೇನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹೋದ ಕಾಗದದಲ್ಲಿ ಅವಸರಕ್ಕೆ, ಅಮ್ಮನ ವೇದಪುಸ್ತಕದೊಳಗಿನ ದಾರಗಳು ಹೋದವು ಎಂದಷ್ಟೇ ಬರೆದಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅಷ್ಟು ದಪ್ಪ ಪುಸ್ತಕ ಎಲ್ಲಿ ಓದಲಾಗುತ್ತದೆ ಎಂದು ನೀನೇ ಹುಡುಕಿ ದಾರ ಇಟ್ಟಿದ್ದೆಯಲ್ಲ, ಭಯವಾದರೆ ನೀಲಿ ದಾರದ ಪುಟ, ಕಾಯಿಲೆಗೆ ಕೆಂಪು, ಸಾವಿಗೆ ಬಿಳಿ, ಸಂತೋಷಕ್ಕೆ ಹಳದಿ. ಇಷ್ಟು ವರ್ಷವೂ ನಾನು ಆ ನಾಲ್ಕು ಪುಟ ಬಿಟ್ಟು ಐದನೆಯದನ್ನು ತೆರೆದವಳಲ್ಲ. ಜನವರಿಯಲ್ಲಿ ಪುಸ್ತಕದ ಬೆನ್ನು ಕಿತ್ತುಬಂತು. ಆಸ್ಪತ್ರೆ ರಿಜಿಸ್ಟರುಗಳಿಗೆ ಬೈಂಡ್ ಹಾಕುವವನ ಕೈಗೆ ಕೊಟ್ಟೆ. ಆ ಪುಣ್ಯಾತ್ಮ ಹೊಸ ರಟ್ಟು ಹಾಕಿ, ಅಂಚು ಕತ್ತರಿಸಿ, ಕನ್ನಡಿಯಂತೆ ಮಾಡಿ ಕೊಟ್ಟ. "ಎಷ್ಟು ಕಸ ತುಂಬಿಕೊಂಡಿತ್ತಮ್ಮ ಇದ್ರೊಳಗೆ! ಎಲ್ಲಾ ಕಿತ್ತು ಹಾಕಿದ್ದೀನಿ" ಎಂದು ಹೆಮ್ಮೆಯಿಂದ ಹೇಳಿದ. ದುಡ್ಡು ಕೊಟ್ಟು ಬಂದೆ. ಮನೆಗೆ ತಂದು ಕಪಾಟಿನಲ್ಲಿಟ್ಟೆ. ತಿಂಗಳಾದರೂ ತೆರೆಯಲಿಲ್ಲ. ಹೇಗೂ ನೀನು ಅಲ್ಲಿ ನನಗಾಗಿ ಪ್ರಾರ್ಥನೆ ಮಾಡುತ್ತೀಯಲ್ಲ ಎಂಬ ಧೈರ್ಯ.

ಇಸ್ತ್ರಿಯಮ್ಮನನ್ನು ನಮ್ಮದೇ ಆಸ್ಪತ್ರೆಯ ಮೂರನೇ ಮಹಡಿಗೆ ಸೇರಿಸಿದಾಗ ಹಾಸಲು ಇದ್ದುದರಲ್ಲಿ ಮೆತ್ತನೆಯ ಬೆಡ್‌ಶೀಟು ಆರಿಸಿ ಕಳಿಸಿದೆ. ಮೂಲೆಯಲ್ಲಿ ನಾನೇ ನೀಲಿ ದಾರದಲ್ಲಿ ಹಾಕಿದ ತೇಪೆ ಇತ್ತು. ಸೋಮವಾರ ಸಂಜೆ ನೋಡಲು ಹೋದರೆ ಕೈ ಹಿಡಿದುಕೊಂಡು, "ನಂಗೆ ಭಯ ಆಗ್ತಿದೆ ಕಣೇ, ನಿನ್ನ ದೇವರಿಗೆ ನನ್ನ ಪರವಾಗಿ ಒಂದು ಮಾತು ಹೇಳು" ಎಂದರು. ಪ್ರಾರ್ಥನೆ ಎಂದರೆ ದೂರ ಓಡುತ್ತಿದ್ದ ಹೆಂಗಸು ಅಕ್ಕಾ, ತಾವಾಗಿ ಕೇಳಿದರು. ಅವತ್ತು ಕಪಾಟಿನಿಂದ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ, ತೆಗೆದೆ. ನೀಲಿ ದಾರ ಇಲ್ಲೇ ಎಲ್ಲೋ ಇತ್ತಲ್ಲ ಎಂದು ಅಂದಾಜಿನಲ್ಲಿ ತೆರೆದು ಓದತೊಡಗಿದೆ. ಅದೋ ಯಾರ ಮಗ ಯಾರು, ಅವನ ಮಗ ಯಾರು ಎಂಬ ಹೆಸರುಗಳ ಸಾಲು. ನಿಲ್ಲಿಸಲು ಧೈರ್ಯ ಸಾಲದೆ ಬೆರಳಿಟ್ಟುಕೊಂಡು ತಡವರಿಸುತ್ತ ಪುಟ ಪೂರ್ತಿ ಓದಿದೆ. ಅವರು ಆ ಉಬ್ಬಸದಲ್ಲೂ ನಕ್ಕು, "ಇದೇನೇ ಇದು, ವಾರ್ಡಿನ ಹಾಜರಿ ಪುಸ್ತಕಾನಾ? ಅದನ್ನ ಮುಚ್ಚು. ಬಾಯಲ್ಲೇ ಹೇಳು" ಎಂದರು. ಮೂವತ್ತು ವರ್ಷ ಸಭೆಗೆ ಹೋಗಿ, ಎಲ್ಲರ ಜೊತೆ ಎದ್ದು ಎಲ್ಲರ ಜೊತೆ ಕೂತವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ. "ನಮ್ಮಕ್ಕನಿಗೆ ಬರೀತೀನಿ, ಅವಳು ಚೆನ್ನಾಗಿ ಪ್ರಾರ್ಥನೆ ಮಾಡ್ತಾಳೆ" ಎಂದೆ.

ಅವರು ಕೈ ಬಿಟ್ಟರು. ಕೋಪದಿಂದಲ್ಲ, ಮೆಲ್ಲಗೆ. "ನಿನಗೂ ನಿನ್ನ ಯೇಸುಗೂ ಮಾತು ಬಿಟ್ಟಿದೆಯೇನೇ, ಮಧ್ಯೆ ಅಕ್ಕನ್ನ ಕಳಿಸ್ತೀಯ? ಹೋಗು, ಪೋಸ್ಟ್ ಡಬ್ಬಿ ತೆಗೆಯೋದ್ರೊಳಗೆ ಹಾಕು" ಎಂದು ಗೋಡೆ ಕಡೆ ತಿರುಗಿಕೊಂಡರು.

ನಿನಗೆ ಆ ಕಾಗದ ಗೀಚಿ ಓಡಿಹೋಗಿ ಹಾಕಿದೆ. ನಿಮ್ಮ ಆಶ್ರಮಕ್ಕೆ ಫೋನು ಮಾಡಬಹುದಿತ್ತು. ಆದರೆ ಆಫೀಸಿನವರು ಎತ್ತಿ "ಯಾರು?" ಎಂದರೆ ನನ್ನ ನಾಲಿಗೆ ಒಳಗೆ ಹೋಗುತ್ತದೆ, ನಿನಗೆ ಗೊತ್ತಲ್ಲ. ಮಂಗಳವಾರ, ಬುಧವಾರ ಮೇಲೆ ಹೋಗಲಿಲ್ಲ. ನಿನ್ನ ಉತ್ತರ ಬರಲಿ, ಬರಿಗೈಯಲ್ಲಿ ಹೇಗೆ ಮುಖ ತೋರಿಸಲಿ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೇಲಿನಿಂದ ಬಟ್ಟೆ ಗಂಟುಗಳು ಬಂದವು. ತೀರಿಕೊಂಡವರ ಹಾಸಿಗೆಯದನ್ನು ಎರಡು ಗಂಟು ಹಾಕಿ ಬೇರೆ ಕಟ್ಟುತ್ತಾರೆ. ಎರಡು ಗಂಟಿನದನ್ನು ಬಿಚ್ಚಿದೆ. ಮೂಲೆಯಲ್ಲಿ ನನ್ನ ತೇಪೆ. ಯಾರೂ ಬಂದು ಹೇಳಲಿಲ್ಲ ಅಕ್ಕಾ, ಆ ಬೆಡ್‌ಶೀಟೇ ಹೇಳಿತು.

ಪುಸ್ತಕ ಕಳಿಸು, ಮತ್ತೆ ದಾರ ಇಟ್ಟು ಕೊಡುತ್ತೇನೆ ಎಂದು ಬರೆದಿದ್ದೀಯ. ಬೇಡ ಅಕ್ಕಾ. ಬೇಜಾರು ಮಾಡಿಕೊಳ್ಳಬೇಡ. ನಿನ್ನದು ತಪ್ಪಲ್ಲ, ಅಕ್ಷರ ಬಾರದ ಹುಡುಗಿಗೆ ನೀನು ದಾರ ಕೊಟ್ಟೆ. ಆ ಹುಡುಗಿಗೆ ನಲವತ್ತಾರಾದರೂ ಅದನ್ನೇ ಹಿಡಿದು ಕೂತದ್ದು ಅವಳದ್ದೇ ಸೋಮಾರಿತನ. ಓದು ಬಾರದು, ಓದು ಬಾರದು ಎಂದು ಎಷ್ಟು ವರ್ಷ ಅದರ ಹಿಂದೆ ಅಡಗಿಕೊಂಡೆ! ಆಸ್ಪತ್ರೆಯ ಸುತ್ತೋಲೆ ಓದುತ್ತೇನೆ, ಮಾತ್ರೆಯ ಚೀಟಿ ಓದುತ್ತೇನೆ, ನಿನ್ನ ಕೋಳಿ ಕಾಲಿನ ಅಕ್ಷರವನ್ನೇ ಓದುತ್ತೇನೆ. ಕರ್ತನ ಮುಂದೆ ಮಾತ್ರ ಮಗುವಾಗಿಬಿಡುವುದು ಸಲೀಸಾಗಿತ್ತು. ನಾನು ಬೆಳೆಯದೆ ಉಳಿದದ್ದರಿಂದ ನನಗೊಬ್ಬಳಿಗೇ ನಷ್ಟ ಎಂದುಕೊಂಡಿದ್ದೆ.

ಈಗ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮೊದಲನೇ ಪುಟದಿಂದ, ದಿನಕ್ಕೊಂದು ಪುಟ ಓದುತ್ತಿದ್ದೇನೆ. ಅರ್ಧ ತಲೆಗೆ ಹೋಗುವುದಿಲ್ಲ. ಆಮೇಲೆ ನನ್ನ ಮಾತಿನಲ್ಲೇ ಪ್ರಾರ್ಥನೆ ಮಾಡಲು ಕೂರುತ್ತೇನೆ. ಎರಡು ಮಾತು ಬರುತ್ತವೆ, ಮೂರನೆಯದಕ್ಕೆ ಇಸ್ತ್ರಿಯಮ್ಮ ಗೋಡೆ ಕಡೆ ತಿರುಗುತ್ತಾರೆ. ಆಚೆ ಯಾರಾದರೂ ಕೇಳುತ್ತಿದ್ದಾರೆ ಎಂದೂ ಅನಿಸುವುದಿಲ್ಲ. ಆದರೂ ಕೂರುತ್ತೇನೆ. ನೆಮ್ಮದಿ ಸಿಕ್ಕಿತು ಎಂದು ಬರೆದರೆ ನಿನಗೆ ಖುಷಿಯಾಗುತ್ತದೆ, ಸಿಕ್ಕಿಲ್ಲ. ನನಗಾಗಿ ನೀನು ಬೇಡುವುದನ್ನು ನಿಲ್ಲಿಸು ಎನ್ನಲು ಬಾಯಿ ಬರುವುದಿಲ್ಲ, ಆದರೆ ನನ್ನ ಬದಲಿಗೆ ಬೇಡಬೇಡ.

ಬಿಸಿನೀರಿನ ಶಾಖ ಕೊಟ್ಟುಕೋ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ನಿನ್ನ ಮುದುಕ ಮುದುಕಿಯರಿಗೆಲ್ಲ ನನ್ನ ವಂದನೆ ಹೇಳು. ಕರ್ತನು ನಿನ್ನನ್ನು ಕಾಯಲಿ. ಇದನ್ನು ನಾನೇ ಕೇಳಿಕೊಂಡಿದ್ದೇನೆ, ಇವತ್ತು ಬೆಳಿಗ್ಗೆ, ಆ ಎರಡು ಮಾತಿನಲ್ಲಿ ಒಂದು ಇದೇ.

ನಿನ್ನ ಹಿಂದೆ ಹಿಂದೆ ಬರುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದ ಹಾಗೆ,
ನಿನ್ನ ಬಾಲ

ಮರೆತೆ ಅಕ್ಕಾ: ನನ್ನ ಕಾಗದ ನಿನಗೆ ಶುಕ್ರವಾರ ಸಿಕ್ಕಿತೆಂದೂ, ಅವತ್ತೇ ಸಂಜೆ ಇಸ್ತ್ರಿಯಮ್ಮನಿಗಾಗಿ ಮೊಣಕಾಲೂರಿ ಪ್ರಾರ್ಥಿಸಿದೆಯೆಂದೂ ಬರೆದಿದ್ದೀಯ. ಆ ಕವರು ಎಸೆದಿಲ್ಲ ತಾನೆ? ಹಿಂದುಗಡೆ ನಿಮ್ಮ ಅಂಚೆಯವರು ಒತ್ತಿದ, ಬಂದ ತಾರೀಖಿನ ಸೀಲು ಇರುತ್ತದಂತೆ. ಶುಕ್ರವಾರ ಎಂದರೆ ಮೂರನೇ ತಾರೀಖು, ಬುಧವಾರ ಎಂದರೆ ಒಂದು. ನಿನಗೆ ವಾರ ತಪ್ಪುವುದುಂಟು. ಬುಧವಾರವೇ ಬಂದಿದ್ದರೆ ಅವರು ಇನ್ನೂ ಇದ್ದಾಗಲೇ ಒಬ್ಬರಾದರೂ ಕರ್ತನ ಮುಂದೆ ಅವರ ಹೆಸರು ಹೇಳಿದಂತಾಗುತ್ತದೆ. ಸಮಾಧಾನಕ್ಕೆಂದು ಸುಳ್ಳು ಬರೆಯಬೇಡ. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡು, ಅಲ್ಲಿರುವುದು ಒಂದೋ, ಮೂರೋ.