ಎರಡನೇ ಸೂಜಿ ಆದ ಮೇಲೆ

ತರೀಕೆರೆ
೧ ಮಾರ್ಚ್ ೨೦೨೧

ಪ್ರೀತಿಯ ಅವ್ವನಿಗೆ,

ನಿನ್ನ ಯಶೋದಾಳ ಶರಣು. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ನಿನಗೆ ಕೇಳುವುದಿಲ್ಲ, ತಮ್ಮ ಹೇಮಂತನ ಕೈಲಿ ಹೇಳಿಸಿದರೆ ಅವನು ಅರ್ಧ ನುಂಗಿಬಿಡುತ್ತಾನೆ. ಅದಕ್ಕೇ ಅಕ್ಷರ ದಪ್ಪಗೆ ಬರೆದಿದ್ದೇನೆ. ಇದನ್ನು ನೀನೇ ಓದಬೇಕು.

ಅವ್ವಾ, ನನಗೆ ಕೊರೊನಾ ಲಸಿಕೆ ಎರಡನೇದೂ ಆಯಿತು! ಆಗಿ ಎರಡು ವಾರವೂ ಕಳೆಯಿತು! ದಿನಾ ಊರಿಗೆಲ್ಲ ಚುಚ್ಚುವ ನಾನು ಅವತ್ತು ಕಣ್ಣು ಮುಚ್ಚಿ ಕೂತಿದ್ದೆ. ನಮ್ಮ ವಾರ್ಡಿನ ಆಯಾ ಹಾಲಮ್ಮ ಎಲ್ಲರೆದುರಿಗೆ, "ಚುಚ್ಚೋರು ನೀವೇ ಹಿಂಗೆ ಹೆದ್ರುಕೊಂಡ್ರೆ ಹೆಂಗ್ರೀ ಸಿಸ್ಟರೇ?" ಎಂದು ಮಾನ ಕಳೆದಳು. ರಾತ್ರಿ ಮೈಯೆಲ್ಲ ನೋವು, ಜ್ವರ. ಆದರೂ ನನಗೆ ಖುಷಿಯೋ ಖುಷಿ.

ಯಾಕೆ ಗೊತ್ತಾ? ಇನ್ನು ಮನೆಗೆ ಬರಬಹುದು. ನನ್ನ ಜೊತೆಯ ಮಲ್ಲಿಕಾಂಬ ಸಿಸ್ಟರ್ ಗೌರಿ ಹಬ್ಬಕ್ಕೆ ಮನೆಗೆ ಹೋಗಿದ್ದಕ್ಕೆ ಇಡೀ ಮನೆಯೇ ಜ್ವರ ಹಿಡಿದು ಮಲಗಿತು. ಅದನ್ನು ನೋಡಿದ ಮೇಲೆ ನಮ್ಮೂರಿಗೆ ಬರುವ ಶಿವನಿ ಬಸ್ಸು ಕಂಡರೂ ಮುಖ ತಿರುಗಿಸುತ್ತಿದ್ದೆ. ಈಗ ಶಿವರಾತ್ರಿಗೆ ರಜೆ ಸಿಕ್ಕಿದೆ! ಟೆಸ್ಟ್ ಮಾಡಿಸಿಕೊಂಡೇ ಬರುತ್ತೇನೆ. ತಂಬಿಟ್ಟು ಮಾಡಿಡು. ಇವತ್ತಿನಿಂದ ಅರವತ್ತು ದಾಟಿದವರಿಗೂ ಲಸಿಕೆ ಶುರುವಾಗಿದೆ, ನಿನ್ನನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋಗಿ ಚುಚ್ಚಿಸದೆ ಬಿಡುವುದಿಲ್ಲ. ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡರೆ ನಾನೂ ಹಾಲಮ್ಮನ ಹಾಗೆ ಅಣಕಿಸುತ್ತೇನೆ.

ಹೇಮಂತ ಮೊನ್ನೆ ಫೋನಿನಲ್ಲಿ, "ಅವ್ವ ಇನ್ನೂ ಅದನ್ನೇ ಅಂತಾಳೆ ಕಣೇ. ಅಪ್ಪ ಕೊರೊನಾದಲ್ಲಿ ತೀರ್ಕೊಂಡಾಗ ಅದೇ ಆಸ್ಪತ್ರೇಲಿದ್ಲು, ಕಳಿಸ್ಕೊಡೋಕೂ ಬರ್ಲಿಲ್ಲ, ಈಗ್ಯಾಕೆ ಬತ್ತಾಳೆ ಅಂತಾಳೆ" ಎಂದ. ನನಗೆ ಬಹಳ ನೋವಾಯಿತು ಅವ್ವಾ. ಬಾ ಎಂದು ಒಂದೇ ಒಂದು ಮಾತು ಬರೆದು ಹಾಕು. ಬೈದು ಬರೆದರೂ ಸರಿ, ಓಡಿ ಬರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ಯಶೋದಾ

ವಿ.ಸೂ.: ಅಪ್ಪ ಹೋದ ದಿನ ಹೇಮಂತನನ್ನು ಗೇಟಿನಲ್ಲೇ ತಡೆದು, ನಿನ್ನೊಬ್ಬಳನ್ನೇ ಒಳಗೆ ಬಿಟ್ಟಿದ್ದರಲ್ಲ. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ನರ್ಸ್ ಒಬ್ಬಳು ದೂರದಿಂದ ಅಪ್ಪನ ಮುಖ ತೋರಿಸಿದಳು. ಅದು ನಾನೇ ಅವ್ವಾ. ಅಪ್ಪನ ಹಣೆಗೆ ವಿಭೂತಿ ಹಚ್ಚಿದ್ದೂ ನಾನೇ. "ಅವ್ವಾ" ಎಂದು ಕೂಗಿದೆ, ನಿನಗೆ ಕೇಳಲಿಲ್ಲ. ತುಟಿ ನೋಡಿದ್ದರೆ ನಿನಗೆ ತಿಳಿಯುತ್ತಿತ್ತು, ಆದರೆ ವಾರ್ಡಿನಿಂದ ಹಾಗೇ ಬಂದವಳು ನಿನ್ನೆದುರು ಮಾಸ್ಕ್ ಹೇಗೆ ತೆಗೆಯಲಿ? ಹೆತ್ತ ಮಗಳ ಗುರುತು ಹತ್ತಲಿಲ್ಲವಲ್ಲ ಎಂದು ನೀನು ಕೊರಗುತ್ತೀಯ ಅಂತಲೇ ಇಷ್ಟು ದಿನ ಹೇಳಲಿಲ್ಲ. ನೀನು ನನಗೆ ಕೈಮುಗಿದು, "ತಾಯೀ, ನನ್ ಮಗಳು ಇಲ್ಲೇ ನರ್ಸು, ಒಂದ್ಸಲ ಕರೀರಿ" ಎಂದೆ. ನಾನು ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದೆ. ಕರೆಸುತ್ತಾಳೆ ಎಂದುಕೊಂಡು ನೀನು ನನ್ನನ್ನು ದಾಟಿ ಬಾಗಿಲನ್ನೇ ನೋಡುತ್ತಾ ನಿಂತೆ.